ಅಗಿಯೋದು ಮರೆತ ದವಡೆಗೆ ಮತ್ತೆ ಕೆಲಸ: ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. 11 ವರ್ಷದಿಂದ ವಯಸ್ಸಾದವರ ಜೊತೆಗೇ ನನ್ನ ಕೆಲಸ. ಮೊದಲ ಆರೇಳು ವರ್ಷ ನಾನು ನೋಡಿದ್ದು ಮಂಡಿ, ಸೊಂಟ, ಭುಜ, ನಡಿಗೆ ಇಷ್ಟೇ. ಯಾರ ಬಾಯೊಳಗೂ ಇಣುಕಿದವಳಲ್ಲ. ಅದು ಹಲ್ಲಿನ ಡಾಕ್ಟರ ಜಾಗ ಅಂದುಕೊಂಡಿದ್ದೆ.

ಆಮೇಲೆ 82 ವರ್ಷದ ಒಬ್ಬ ಅಜ್ಜಿ ಸಿಕ್ಕರು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ವಾಪಸ್ ಬಂದಿದ್ದರು. ಬರುವಾಗ ಚೀಟಿಯಲ್ಲಿ "ಮೆತ್ತಗಿನ ಊಟ ಕೊಡಿ" ಅಂತ ಬರೆದಿತ್ತು. ಆ ಹೊತ್ತಿಗೆ ಅದು ಸರಿಯಾದ ಮಾತೇ. ಆದರೆ ಎಂಟು ತಿಂಗಳಾದರೂ ಆ ಚೀಟಿಯನ್ನು ಯಾರೂ ಮತ್ತೆ ತೆಗೆದು ನೋಡಿರಲಿಲ್ಲ. ಅಷ್ಟೂ ದಿನ ಅವರಿಗೆ ಅರೆದ ಊಟವೇ.

ನಾನು ಹೋಗಿದ್ದು ಅವರ ಕಾಲಿಗೆ ವ್ಯಾಯಾಮ ಮಾಡಿಸಲು. ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ತೂಕ ತಿಂಗಳು ತಿಂಗಳು ಇಳಿಯುತ್ತಿತ್ತು. ಒಂದು ದಿನ ಊಟದ ಹೊತ್ತಿಗೆ ಹೋದೆ. ಬಟ್ಟಲಲ್ಲಿ ಎಲ್ಲವೂ ಒಂದೇ ಬಣ್ಣ, ಪೇಸ್ಟ್ ಹಾಗೆ. ನಾಲ್ಕು ಚಮಚ ತಿಂದು ಸಾಕು ಅಂದರು. "ಯಾಕಜ್ಜಿ, ಹಸಿವಿಲ್ವಾ?" ಅಂತ ಕೇಳಿದೆ. "ಹಸಿವಿದೆ ಕಣಮ್ಮ. ಬಾಯಿಗೆ ಏನೂ ಸಿಗ್ತಾ ಇಲ್ಲ ನೋಡು" ಅಂದರು.

ಅವರ ಎರಡೂ ಕೆನ್ನೆಯ ಮೇಲೆ ಬೆರಳಿಟ್ಟು, "ಹಲ್ಲು ಕಚ್ಚಿ ಹಿಡೀರಿ" ಅಂದೆ. ನಾವು ಹಾಗೆ ಮಾಡಿದರೆ ಕೆನ್ನೆಯ ಹಿಂಭಾಗದಲ್ಲಿ ಒಂದು ಗಟ್ಟಿ ಉಬ್ಬು ಬೆರಳಿಗೆ ತಾಗುತ್ತದೆ ಅಲ್ವಾ, ಅದು ಮ್ಯಾಸೆಟರ್ ಅನ್ನುವ ಸ್ನಾಯು. ಅಜ್ಜಿಯಲ್ಲಿ ಅದು ಸಿಗಲೇ ಇಲ್ಲ. ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿಟ್ಟ ಕಾಲಿನ ತೊಡೆ ಬಿಚ್ಚಿದಾಗ ಹೇಗೆ ಸೊರಗಿರುತ್ತದೋ ಹಾಗೇ ಇತ್ತು. ಕಾಲಾಗಿದ್ದರೆ ಮಾರನೇ ದಿನದಿಂದಲೇ ವ್ಯಾಯಾಮ ಶುರು ಮಾಡಿಸುತ್ತಿದ್ದೆ. ದವಡೆಗೆ ಯಾಕೆ ಮಾಡಿಸಬಾರದು? ನನ್ನ ಈ ದಾರಿ ಶುರುವಾಗಿದ್ದು ಅಲ್ಲಿಂದ.

ಅಗಿಯುವ ಮುಖ್ಯ ಸ್ನಾಯುಗಳು ಪ್ರತಿ ಕಡೆ ನಾಲ್ಕು. ಕೆನ್ನೆಯ ಮ್ಯಾಸೆಟರ್, ಕಣತಲೆಯ ಟೆಂಪೊರಾಲಿಸ್, ದವಡೆಯ ಒಳಬದಿಯಲ್ಲಿ ಎರಡು ಟೆರಿಗಾಯ್ಡ್. ಮೂರು ಬಾಯಿ ಮುಚ್ಚುತ್ತವೆ. ಒಂದು ದವಡೆಯನ್ನು ಮುಂದಕ್ಕೆ, ಪಕ್ಕಕ್ಕೆ ಎಳೆದು ಬಾಯಿ ತೆರೆಯಲು ನೆರವಾಗುತ್ತದೆ. ಇಷ್ಟು ಓದಿಕೊಂಡು ನಾನು ದವಡೆ ಗಟ್ಟಿಯಾದರೆ ಸಾಕು ಅಂತ ಹೊರಟೆ. ಅದು ನನ್ನ ಮೊದಲ ತಪ್ಪು. ಅಗಿಯುವಾಗ ತುತ್ತನ್ನು ಹಲ್ಲಿನ ಮೇಲೆ ತಂದಿಡುವುದು ನಾಲಿಗೆ. ಅದು ಹೊರಗೆ ಜಾರದಂತೆ ತಡೆಯುವುದು ಕೆನ್ನೆ. ಬಾಯಿಂದ ಬೀಳದಂತೆ ಹಿಡಿಯುವುದು ತುಟಿ. ನಾಲಿಗೆ ಸೋತವರ ದವಡೆ ಎಷ್ಟೇ ಗಟ್ಟಿಯಾದರೂ ಅದು ಖಾಲಿ ಗಾಳಿಯನ್ನೇ ಕಚ್ಚುತ್ತಿರುತ್ತದೆ. ಊಟ ಮುಗಿದ ಮೇಲೆ ಕೆನ್ನೆಯ ಸಂದಿಯಲ್ಲಿ ತುತ್ತು ಹಾಗೇ ಕೂತಿರುತ್ತದೆ.

ಜಪಾನಿನವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದೆ ಇದ್ದಾರೆ. 80ನೇ ವಯಸ್ಸಿಗೆ 20 ಹಲ್ಲು ಉಳಿಸಿಕೊಳ್ಳಿ ಅನ್ನುವ 8020 ಆಂದೋಲನವನ್ನು ಅವರು 1989ರಲ್ಲೇ ಶುರು ಮಾಡಿದರು. 2016ರಲ್ಲಿ ಅಲ್ಲಿನ ವೃದ್ಧರ ದಂತವೈದ್ಯ ಸಂಘ, ಬಾಯಿಯ ಶಕ್ತಿ ಕುಂದಿದೆಯಾ ಅಂತ ಅಳೆಯಲು ಏಳು ವಿಷಯಗಳನ್ನು ಗುರುತಿಸಿತು. ಬಾಯಿಯ ಸ್ವಚ್ಛತೆ, ಒಣಗುವಿಕೆ, ಕಚ್ಚುವ ಬಲ, ನಾಲಿಗೆ ಮತ್ತು ತುಟಿಯ ಚುರುಕು, ನಾಲಿಗೆಯ ಒತ್ತಡ, ಅಗಿಯುವ ಶಕ್ತಿ, ನುಂಗುವ ಶಕ್ತಿ. ಇವುಗಳಲ್ಲಿ ಮೂರು ಅಥವಾ ಜಾಸ್ತಿ ಕೆಟ್ಟಿದ್ದರೆ ಬಾಯಿಗೆ ಚಿಕಿತ್ಸೆ ಬೇಕು ಅಂತ ಲೆಕ್ಕ. ಈ ಪಟ್ಟಿ ಓದಿದಾಗ ನನಗೆ ದಾರಿ ಕಂಡಿತು. ದವಡೆ ಅನ್ನುವುದು ಏಳರಲ್ಲಿ ಒಂದೆರಡು ಮಾತ್ರ.

ಅವರ ಯಂತ್ರಗಳು ನನ್ನ ಹತ್ತಿರ ಇಲ್ಲ. ಹಾಗಾಗಿ ನಾನು ಕೈಯಿಂದಲೇ ನೋಡುತ್ತೇನೆ. ಮೊದಲು ಟಾರ್ಚ್ ಹಿಡಿದು ಬಾಯೊಳಗೆ ನೋಡುವುದು. ಅಲ್ಲಾಡುವ ಹಲ್ಲು, ಮುರಿದ ಹಲ್ಲಿನ ಚೂಪು, ಹುಣ್ಣು, ಬಿಳಿ ಪದರ, ಸಡಿಲವಾದ ಹಲ್ಲು ಸೆಟ್ಟು. ಇವುಗಳಲ್ಲಿ ಒಂದಿದ್ದರೂ ಮೊದಲು ಹಲ್ಲಿನ ಡಾಕ್ಟರ್, ಆಮೇಲೆ ವ್ಯಾಯಾಮ. ನೋವಿರುವ ಬಾಯಿಗೆ ವ್ಯಾಯಾಮ ಮಾಡಿಸಿದರೆ ಅವರು ಅಗಿಯುವುದನ್ನೇ ಬಿಟ್ಟುಬಿಡುತ್ತಾರೆ. ಸೆಟ್ಟು ಹಲ್ಲಿನ ಬಗ್ಗೆ ಮನೆಯವರಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. ಪೂರ್ತಿ ಸೆಟ್ಟು ಹಾಕಿದವರ ಕಚ್ಚುವ ಬಲ, ಸ್ವಂತ ಹಲ್ಲಿರುವವರ ಬಲದ ನಾಲ್ಕನೇ ಒಂದು ಭಾಗ ದಾಟುವುದು ಕಷ್ಟ. "ಹಲ್ಲು ಕಟ್ಟಿಸಿಕೊಟ್ಟರೂ ತಿನ್ನಲ್ಲ" ಅಂತ ಅವರನ್ನು ಬೈಯಬೇಡಿ.

ಮುಂದೆ ಬಾಯಿ ಎಷ್ಟು ತೆರೆಯುತ್ತದೆ ಅಂತ ನೋಡುವುದು. ಅವರದ್ದೇ ಮೂರು ಬೆರಳು ನೆಟ್ಟಗೆ ಹಿಡಿದರೆ ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ಆಮೇಲೆ ನಾಲಿಗೆಯಿಂದ ಒಳಗಿನಿಂದ ಕೆನ್ನೆಯನ್ನು ತಳ್ಳಲು ಹೇಳಿ, ಹೊರಗಿನಿಂದ ನನ್ನ ಬೆರಳು ಅಡ್ಡ ಇಡುತ್ತೇನೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ ಅಲ್ಲೇ ತಿಳಿಯುತ್ತದೆ. ಮತ್ತೆ "ತ ತ ತ ತ" ಅಂತ ಐದು ಸೆಕೆಂಡ್ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೇಳಿಸುತ್ತೇನೆ. ಪ್ರತಿ ಸಲಕ್ಕೂ ಕಾಗದದ ಮೇಲೆ ಒಂದು ಚುಕ್ಕಿ ಹಾಕುತ್ತೇನೆ. ಸೆಕೆಂಡಿಗೆ ಆರಕ್ಕಿಂತ ಕಡಿಮೆ ಬಂದರೆ ನಾಲಿಗೆಯ ಚುರುಕು ಕಡಿಮೆ ಆಗಿದೆ ಅಂತ ಜಪಾನಿನ ಅಳತೆ. ಅಜ್ಜಿಗೆ ಐದು ಸೆಕೆಂಡಿಗೆ ಬಂದಿದ್ದು 17.

ಕೊನೆಯದು ನುಂಗುವುದು. ಗಂಟಲ ಗಂಟಿನ ಮೇಲೆ ಮೆಲ್ಲಗೆ ಬೆರಳಿಟ್ಟು, 30 ಸೆಕೆಂಡಿನಲ್ಲಿ ಎಷ್ಟು ಸಲ ಉಗುಳು ನುಂಗುತ್ತಾರೆ ಅಂತ ಎಣಿಸುವುದು. ಮೂರಕ್ಕಿಂತ ಕಡಿಮೆ ಆದರೆ ಅಥವಾ ನೀರು ಕುಡಿದ ಮೇಲೆ ಕೆಮ್ಮು, ಒದ್ದೆ ಒದ್ದೆ ದನಿ ಬಂದರೆ, ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ನುಂಗುವಿಕೆಯ ತಜ್ಞರು ನೋಡುವ ತನಕ ನನ್ನ ಕೈಯಿಂದ ಒಂದು ಚೂರು ಗಟ್ಟಿ ಆಹಾರವನ್ನೂ ಕೊಡುವುದಿಲ್ಲ. ಅಜ್ಜಿಯನ್ನೂ ಹಾಗೆ ಕಳಿಸಿಯೇ ಶುರು ಮಾಡಿದ್ದು. ಅವರ ಗಂಟಲು ಚೆನ್ನಾಗಿ ಸುಧಾರಿಸಿತ್ತು. ಗಟ್ಟಿ ಊಟಕ್ಕೆ ನಿಧಾನವಾಗಿ ಹೋಗಬಹುದು ಅಂತ ಹೇಳಿ ಕಳಿಸಿದರು.

ಈಗ ಎರಡನೇ ತಪ್ಪು. ಊಟಕ್ಕೆ ಬಾಯಿ ತಯಾರಾಗಲಿ ಅಂತ ನಾನು ಊಟಕ್ಕೆ ಸ್ವಲ್ಪ ಮುಂಚೆ 15 ನಿಮಿಷ ಎಲ್ಲ ವ್ಯಾಯಾಮವನ್ನೂ ಮಾಡಿಸಿದೆ. ಕಚ್ಚುವುದು, ಒತ್ತುವುದು, ಎಳೆಯುವುದು, ಎಲ್ಲ. ಆ ವಾರ ಅಜ್ಜಿ ಮೊದಲಿಗಿಂತ ಕಡಿಮೆ ತಿಂದರು. ಅಡುಗೆಯವರೇ ನನಗೆ ಹೇಳಿದ್ದು, "ನೀವು ಬಂದು ಹೋದ ದಿನ ಅವರು ಬೇಗ ಸುಸ್ತಾಗ್ತಾರೆ ಮೇಡಂ" ಅಂತ. ಹೌದಲ್ಲ! ನಿತ್ರಾಣ ಆದವರ ಸ್ನಾಯುವಿನಲ್ಲಿ ಇರುವುದೇ ಅಷ್ಟು. ಅದನ್ನು ನಾನು ಊಟಕ್ಕೆ ಮುಂಚೆಯೇ ಖಾಲಿ ಮಾಡಿಸುತ್ತಿದ್ದೆ. ಆ ಮಾತು ಕೇಳಿ ನನಗೆ ತುಂಬಾ ನೋವಾಯಿತು. ಅವತ್ತಿನಿಂದ ಬಲದ ವ್ಯಾಯಾಮವನ್ನು ತಿಂಡಿ ಮತ್ತು ಊಟದ ನಡುವಿನ ಹೊತ್ತಿಗೆ ಹಾಕಿದೆ. ವಾರಕ್ಕೆ ಐದು ದಿನ, ಹತ್ತೇ ನಿಮಿಷ. ಊಟಕ್ಕೆ ಮುಂಚೆ ಎರಡು ಮೂರು ನಿಮಿಷ ಹಗುರವಾಗಿ ಬಾಯಿ ಆಡಿಸುವುದು ಮಾತ್ರ. ಇದರಿಂದ ಉಗುಳು ಊರುತ್ತದೆ, ಸುಸ್ತು ಆಗುವುದಿಲ್ಲ.

ಮಾಡಿಸುವ ಕ್ರಮ ಹೀಗೆ. ಮೊದಲು ಕೂರಿಸುವುದು. ಪಾದ ನೆಲಕ್ಕೆ ಊರಿರಬೇಕು, ಬೆನ್ನು ನೆಟ್ಟಗೆ, ಗದ್ದ ಸ್ವಲ್ಪವೇ ಕೆಳಗೆ. ಕಾಲು ಜೋತಾಡುತ್ತಿದ್ದರೆ ದವಡೆಗೂ ಆಸರೆ ಸಿಗುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಎರಡು ನಿಮಿಷ ಇಟ್ಟು, ಬೆರಳ ತುದಿಯಿಂದ ಕೆನ್ನೆ, ಕಣತಲೆಯನ್ನು ಸುತ್ತ ಸುತ್ತ ಉಜ್ಜುತ್ತೇನೆ. ಇದೊಂದನ್ನು ಎಲ್ಲರೂ ಇಷ್ಟಪಡುತ್ತಾರೆ. ಕೆಲವರು ಕಣ್ಣು ಮುಚ್ಚಿಬಿಡುತ್ತಾರೆ.

ಆಮೇಲೆ ಬಾಯಿ ತೆರೆಯುವುದು. ಇಲ್ಲಿ ನನ್ನ ಕಣ್ಣ ಮುಂದೆಯೇ ನಡೆದ ಒಂದು ಘಟನೆ ಹೇಳಬೇಕು. ಒಬ್ಬ ತಾತನಿಗೆ "ಇನ್ನೂ ದೊಡ್ಡದಾಗಿ, ಇನ್ನೂ" ಅಂತ ನಾನೇ ಹುರಿದುಂಬಿಸಿದೆ. ಕಟಕ್ ಅಂತು. ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ದವಡೆಯ ಕೀಲು ಜಾರಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೀಲನ್ನು ಮತ್ತೆ ಅದರ ಜಾಗಕ್ಕೆ ಕೂರಿಸಿಕೊಂಡು ಬಂದೆವು. ವಯಸ್ಸಾದವರಲ್ಲಿ, ಅದರಲ್ಲೂ ಹಲ್ಲಿಲ್ಲದವರಲ್ಲಿ, ಕೀಲಿನ ಸುತ್ತಲ ಕಟ್ಟು ಸಡಿಲ ಇರಬಹುದು. ಅವತ್ತಿಂದ ನಾನು ಕೇಳುವ ಮೊದಲ ಪ್ರಶ್ನೆ, "ಆಕಳಿಸುವಾಗ ಯಾವಾಗಾದ್ರೂ ದವಡೆ ಸಿಕ್ಕಿಹಾಕಿಕೊಂಡಿತ್ತಾ?" ಅಂತ. ಹೌದು ಅಂದವರಿಗೆ ಬಾಯಿ ತೆರೆಯುವ ವ್ಯಾಯಾಮವನ್ನು ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿಕೊಂಡೇ ಮಾಡಿಸುತ್ತೇನೆ. ನಾಲಿಗೆ ಅಂಗುಳ ಬಿಡದಿದ್ದರೆ ದವಡೆ ಅಳತೆ ಮೀರಿ ಜಾರುವುದಿಲ್ಲ. ಉಳಿದವರಿಗೂ ಹಾಯಾಗಿ ಎಷ್ಟು ಆಗುತ್ತೋ ಅಷ್ಟೇ. ತೆರೆದು ಐದು ಸೆಕೆಂಡ್, ಐದು ಸಲ. ಒಂದೆರಡು ವಾರ ಕಳೆದ ಮೇಲೆ ಗದ್ದದ ಕೆಳಗೆ ನನ್ನ ಎರಡು ಬೆರಳಿಟ್ಟು ಸ್ವಲ್ಪ ತಡೆ ಕೊಡುತ್ತೇನೆ. ಹೀಗೆ ಗದ್ದದ ಕೆಳಗಿನ ಸ್ನಾಯುಗಳಿಗೆ ಬಲ ಬಂದರೆ ನುಂಗುವುದಕ್ಕೂ ಅನುಕೂಲ.

ದವಡೆಯನ್ನು ಎಡಕ್ಕೆ, ಬಲಕ್ಕೆ ಜರುಗಿಸುವುದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದು ತುಂಬಾ ಮುಖ್ಯ. ಚೆನ್ನಾಗಿ ಅಗಿಯುವವರ ಗದ್ದವನ್ನು ಎದುರಿನಿಂದ ನೋಡಿ. ಅದು ಸುಮ್ನೆ ಮೇಲೆ ಕೆಳಗೆ ಹೋಗುವುದಿಲ್ಲ. ಪಕ್ಕಕ್ಕೆ ಜರುಗಿ ಒಂದು ಮೊಟ್ಟೆಯಾಕಾರ ಬರೆಯುತ್ತದೆ. ತುತ್ತು ನುರಿಯುವುದು ಆ ಪಕ್ಕದ ಚಲನೆಯಿಂದ. ಅರೆದ ಊಟ ತಿಂದು ತಿಂದು ಅಜ್ಜಿಗೆ ಆ ಚಲನೆಯೇ ಮರೆತುಹೋಗಿತ್ತು. ಮೇಲೆ ಕೆಳಗೆ ಮಾತ್ರ ಆಡುತ್ತಿತ್ತು. ಕನ್ನಡಿ ಮುಂದೆ ಕೂರಿಸಿ, ಗದ್ದದ ಮೇಲೆ ಬೆರಳಿಟ್ಟು ದಾರಿ ತೋರಿಸಿ, ದಿನಾ ಎಂಟು ಹತ್ತು ಸಲ ಮಾಡಿಸಿದೆ. ಹತ್ತನೇ ದಿನಕ್ಕೆ ಎಡಕ್ಕೆ ಬಂತು. ಬಲಕ್ಕೆ ಬರಲು ಇನ್ನೂ ಒಂದು ವಾರ ಹಿಡಿಯಿತು.

ಕಚ್ಚುವ ಬಲಕ್ಕೆ ನಾನು ಬಳಸುವುದು ಮಡಿಸಿದ ಗಾಜ್ ಬಟ್ಟೆ, ಗಾಯಕ್ಕೆ ಕಟ್ಟುತ್ತಾರಲ್ಲ ಅದು. ಹಿಂದಿನ ಹಲ್ಲುಗಳ ನಡುವೆ ಇಟ್ಟು, ಅದರ ಇನ್ನೊಂದು ತುದಿಯನ್ನು ನನ್ನ ಕೈಯಲ್ಲೇ ಹಿಡಿದಿರುತ್ತೇನೆ. ಆ ತುದಿಯನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ. ಐದು ಸೆಕೆಂಡ್ ಕಚ್ಚುವುದು, ಹತ್ತು ಸೆಕೆಂಡ್ ಬಿಡುವುದು. ಪ್ರತಿ ಕಡೆ ಐದು ಸಲ. ಮೊದಲ ವಾರ ಪೂರ್ತಿ ಬಲ ಹಾಕಬೇಡಿ ಅನ್ನುತ್ತೇನೆ, ಅರ್ಧ ಬಲ ಸಾಕು. ಸೆಟ್ಟು ಹಲ್ಲಿನವರಲ್ಲಿ ಒಂದೇ ಕಡೆ ಕಚ್ಚಿಸಿದರೆ ಸೆಟ್ಟು ಎದ್ದುಬರುತ್ತದೆ. ಅವರಿಗೆ ಎರಡೂ ಕಡೆ ಒಟ್ಟಿಗೆ ಇಡಬೇಕು. ಮುಗಿದ ಮೇಲೆ ಸೆಟ್ಟು ತೆಗೆಸಿ ಒಸಡು ಕೆಂಪಾಗಿದೆಯಾ ಅಂತ ನೋಡಬೇಕು.

ನಾಲಿಗೆಗೆ: ಅಂಗುಳಕ್ಕೆ ಒತ್ತಿ ಐದು ಸೆಕೆಂಡ್. ಕೆನ್ನೆಯನ್ನು ಒಳಗಿನಿಂದ ತಳ್ಳುವುದು. ತುಟಿಯ ಸುತ್ತ ಒಂದು ಸುತ್ತು. ಕೆನ್ನೆಗೆ: ಗಾಳಿ ತುಂಬಿ ಹಿಡಿದು, ಎಡದಿಂದ ಬಲಕ್ಕೆ ಸಾಗಿಸುವುದು. ಕೊನೆಯಲ್ಲಿ ಜಪಾನಿನಿಂದ ಬಂದ ಪ-ತ-ಕ-ರ. ಪ ಅನ್ನುವಾಗ ತುಟಿ ಸೇರುತ್ತದೆ, ತ ಅನ್ನುವಾಗ ನಾಲಿಗೆಯ ತುದಿ, ಕ ಅನ್ನುವಾಗ ನಾಲಿಗೆಯ ಹಿಂಭಾಗ, ರ ಅನ್ನುವಾಗ ನಾಲಿಗೆ ಮೇಲಕ್ಕೆ ಸುರುಳುತ್ತದೆ. ಊಟದಲ್ಲಿ ಬೇಕಾದ ಚಲನೆಗಳು ಈ ನಾಲ್ಕು ಅಕ್ಷರದಲ್ಲೇ ಸಿಗುತ್ತವೆ. ನಾಲ್ಕೈದು ಜನರನ್ನು ಒಟ್ಟಿಗೆ ಕೂರಿಸಿ ಹೇಳಿಸಿದರೆ ತಾವಾಗಿಯೇ ರಾಗ ಕಟ್ಟಿಕೊಳ್ಳುತ್ತಾರೆ.

ಇಷ್ಟೆಲ್ಲ ಮಾಡಿ ಐದು ವಾರ ಆಯಿತು. ಅಜ್ಜಿಯ ಕೆನ್ನೆಯಲ್ಲಿ ಉಬ್ಬು ಬೆರಳಿಗೆ ತಾಗತೊಡಗಿತು. "ತ" 17ರಿಂದ 24ಕ್ಕೆ ಏರಿತು. ನನಗೆ ಬಹಳ ಸಂತೋಷ. ಆದರೆ ಊಟದ ಬಟ್ಟಲು ನೋಡಿದರೆ ಅದೇ ಪೇಸ್ಟ್! ಇದೇ ನನ್ನ ಮೂರನೇ ಮತ್ತು ದೊಡ್ಡ ತಪ್ಪು. ವ್ಯಾಯಾಮದಲ್ಲಿ ಗಳಿಸಿದ ಬಲವನ್ನು ಊಟದಲ್ಲಿ ಬಳಸಲು ನಾನು ಏನೂ ಮಾಡಿರಲಿಲ್ಲ. ದಿನಕ್ಕೆ ಹತ್ತು ನಿಮಿಷ ಮೆಟ್ಟಿಲು ಹತ್ತಿಸಿ, ಉಳಿದ ಹೊತ್ತೆಲ್ಲ ಹಾಸಿಗೆಯಲ್ಲಿ ಮಲಗಿಸಿದರೆ ಯಾರಿಗೆ ನಡಿಗೆ ಬರುತ್ತದೆ? ದವಡೆಗೂ ಅದೇ ಮಾತು. ಅಗಿಯುವುದನ್ನು ಕಲಿಸುವುದು ಅಗಿಯುವ ಆಹಾರವೇ. ವ್ಯಾಯಾಮ ಅಲ್ಲಿಯ ತನಕ ಕೈಹಿಡಿದು ಕರೆದುಕೊಂಡು ಹೋಗುತ್ತದೆ ಅಷ್ಟೇ.

ಅಂದಿನಿಂದ ಅಡುಗೆಯವರು ನನ್ನ ಜೊತೆ ಕೂತರು. ಮೊದಲ ಹೆಜ್ಜೆಗೆ ತೆಳ್ಳಗಿನ ಸೇಬಿನ ಹೋಳನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ, ತುದಿ ಕೈಯಲ್ಲಿ ಹಿಡಿದು, ಬಲಗಡೆ ಹತ್ತು ಸಲ, ಎಡಗಡೆ ಹತ್ತು ಸಲ ಅಗಿಸಿದೆವು. ರಸ ಬಾಯಿಗೆ ಬರುತ್ತದೆ, ಚೂರು ಗಂಟಲಿಗೆ ಹೋಗುವುದಿಲ್ಲ. ಎಂಟು ತಿಂಗಳ ಮೇಲೆ ಹಲ್ಲಿಗೆ ಏನೋ ಸಿಕ್ಕಿತ್ತು. ಅಜ್ಜಿ ಬಟ್ಟೆ ಬಿಡಲು ಒಪ್ಪಲೇ ಇಲ್ಲ. ಎರಡನೇ ಹೆಜ್ಜೆಗೆ ಚೆನ್ನಾಗಿ ಬೇಯಿಸಿದ ಕ್ಯಾರೆಟ್. ತುಂಡು ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಿರಬಾರದು. ಮೆತ್ತಗಾಗಿದೆಯಾ ಅಂತ ತಿಳಿಯಲು ಫೋರ್ಕಿನಿಂದ ಒತ್ತಿ ನೋಡಬೇಕು. ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಿದಾಗ ಅದು ಜಜ್ಜಿಹೋಗಬೇಕು, ಫೋರ್ಕ್ ಎತ್ತಿದ ಮೇಲೆ ಮೊದಲಿನ ಆಕಾರಕ್ಕೆ ಬರಬಾರದು. ಇದು ನುಂಗಲು ಕಷ್ಟ ಇರುವವರ ಊಟಕ್ಕೆ ಈಗ ಹಲವು ದೇಶಗಳಲ್ಲಿ ಬಳಸುವ ಐಡಿಡಿಎಸ್‌ಐ ಅಳತೆಯ ಆರನೇ ಮಟ್ಟ. ಯಾವ ಅಡುಗೆಮನೆಯಲ್ಲೂ ಮಾಡಬಹುದಾದ ಪರೀಕ್ಷೆ.

ಒಂದು ಹೊತ್ತಿನ ಊಟದಲ್ಲಿ ಒಂದೇ ಪದಾರ್ಥ ಬದಲಾಯಿಸುವುದು ನಮ್ಮ ನಿಯಮ. ಅದನ್ನೂ ಊಟದ ಶುರುವಿಗೇ ಕೊಡಬೇಕು, ಬಾಯಿ ದಣಿಯುವ ಮೊದಲು. ನಾಲ್ಕು ತುಂಡು ಅಗಿದು ಮುಗಿಸಿದ ಮೇಲೆ ಉಳಿದದ್ದು ಮೆತ್ತಗಿನದೇ ಇರಲಿ. ಹೊಟ್ಟೆ ತುಂಬುವುದು ಮುಖ್ಯ. ಪ್ರೋಟೀನ್ ಸಾಲದೆ ಇದ್ದರೆ ಯಾವ ಸ್ನಾಯುವೂ ಬೆಳೆಯುವುದಿಲ್ಲ. ಹಾಗಾಗಿ ಅಗಿಯುವ ಹಠದಲ್ಲಿ ಮೊಟ್ಟೆ, ಮೊಸರು, ಬೇಳೆ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಊಟದ ಹೊತ್ತಿಗೆ ಮಾತು, ಟಿವಿ ಬೇಡ. ಊಟ ಆದಮೇಲೆ ಕೆನ್ನೆಯ ಸಂದಿ ನೋಡಿ, ಬಾಯಿ ತೊಳೆಸಿ, ಅರ್ಧ ಗಂಟೆ ಮಲಗಿಸಬೇಡಿ. ಬಾಯಿ ಸ್ವಚ್ಛ ಇಲ್ಲದಿದ್ದರೆ ಅಲ್ಲಿನ ಕ್ರಿಮಿಗಳು ಉಗುಳಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಹಲ್ಲಿಲ್ಲದವರ ಬಾಯಿಗೂ ಈ ಮಾತು ಅನ್ವಯಿಸುತ್ತದೆ.

ಬಾಯಿ ಒಣಗುವವರಿಗೆ ಮೊದಲು ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ. ಖಿನ್ನತೆಗೆ, ಮೂತ್ರಕ್ಕೆ, ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳಿಂದ ಉಗುಳು ಕಡಿಮೆಯಾಗುತ್ತದೆ. ನೀವೇ ಮಾತ್ರೆ ನಿಲ್ಲಿಸಬೇಡಿ. ಪಟ್ಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ.

ಇನ್ನೊಂದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 70 ದಾಟಿದ ಒಬ್ಬರು ನನ್ನ ಗುಂಪಿಗೆ ಹೊಸದಾಗಿ ಬಂದರು. ಅಗಿಯಲು ಶುರು ಮಾಡಿದಾಗ ಚೆನ್ನಾಗಿಯೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆನ್ನೆ ನೋವು, ನಿಲ್ಲಿಸಿದರೆ ಹೋಗುತ್ತಿತ್ತು. ಅಭ್ಯಾಸ ತಪ್ಪಿದ ಸ್ನಾಯು, ವ್ಯಾಯಾಮದಿಂದ ಸರಿಹೋಗುತ್ತೆ ಅಂತ ಮನೆಯವರು ಕರೆತಂದಿದ್ದರು. ತಲೆ ಬಾಚುವಾಗ ಕಣತಲೆಯ ಹತ್ತಿರ ನೋವಾಗುತ್ತದೆ ಅಂತಲೂ ಅವರು ಹೇಳಿದರು. ನಾನು ವ್ಯಾಯಾಮ ಮಾಡಿಸದೆ ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಜೈಂಟ್ ಸೆಲ್ ಆರ್ಟರೈಟಿಸ್ ಅನ್ನುವ ರಕ್ತನಾಳದ ಉರಿಯೂತ ಅದು. 50 ದಾಟಿದವರಿಗೆ ಬರುತ್ತದೆ, ತಡಮಾಡಿದರೆ ಕಣ್ಣು ಹೋಗಬಹುದು. ಬೇಗ ಸ್ಟೀರಾಯ್ಡ್ ಶುರುವಾಗಿ ಅವರ ಕಣ್ಣು ಉಳಿಯಿತು. ಹಾಗೇ, ಊಟ ಮುಗಿಯುವ ಹೊತ್ತಿಗೆ ದವಡೆ ಜೋತುಬೀಳುವುದು, ರೆಪ್ಪೆ ಇಳಿಯುವುದು, ಮಾತು ಮೂಗಿನಿಂದ ಬರುವುದು, ಇವಿದ್ದರೆ ಮಯಸ್ತೀನಿಯಾ ಅನ್ನುವ ನರ-ಸ್ನಾಯುವಿನ ಕಾಯಿಲೆ ಇರಬಹುದು. ಇವರಿಗೆ ವ್ಯಾಯಾಮ ಮೊದಲ ಔಷಧಿ ಅಲ್ಲ.

ಮರೆವು ಜಾಸ್ತಿ ಇರುವವರಿಗೆ ಹೇಳಿ ಮಾಡಿಸಲು ಆಗುವುದಿಲ್ಲ. ಅವರ ಎದುರು ಕೂತು ನಾನೇ ಮಾಡುತ್ತೇನೆ, ಅವರು ನೋಡಿ ಮಾಡುತ್ತಾರೆ. ಕೆಲವರು ಮಾಡುವುದಿಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡು ಮರೆತುಬಿಡುವವರಿಗೆ ಗಟ್ಟಿ ಆಹಾರದ ಆಸೆ ಬಿಟ್ಟೆ. ಅವರಿಗೆ ಮೆತ್ತಗಿನ ಊಟವೇ ಕ್ಷೇಮ. ಆ ಊಟವನ್ನೇ ಬೇರೆ ಬೇರೆ ಬಣ್ಣ, ಬೇರೆ ಬೇರೆ ರುಚಿಯಲ್ಲಿ, ಒಂದಕ್ಕೊಂದು ಕಲಸದೆ ಬಡಿಸಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಅಜ್ಜಿ ನಾಲ್ಕನೇ ತಿಂಗಳಿಗೆ ಬೇಯಿಸಿದ ತರಕಾರಿ, ಮೆತ್ತಗಿನ ಹಣ್ಣು, ಮೊಟ್ಟೆ ಎಲ್ಲವನ್ನೂ ತುಂಡಿನಲ್ಲೇ ತಿನ್ನುತ್ತಿದ್ದರು. ತೂಕ ಇಳಿಯುವುದು ನಿಂತಿತು, ಆಮೇಲೆ ನಿಧಾನವಾಗಿ ಎರಡು ಕಿಲೋ ಏರಿತು. ಕಾಲಿನ ವ್ಯಾಯಾಮವೂ ಅದರ ಜೊತೆಗೇ ಮುಂದೆ ಸಾಗಿತು. ಹಸಿ ಸೇಬನ್ನು ಕಚ್ಚಿ ತಿನ್ನಲು ಕೊನೆಗೂ ಆಗಲಿಲ್ಲ. ಅದನ್ನು ತುರಿದು ಕೊಟ್ಟೆವು.

ಆರನೇ ತಿಂಗಳಲ್ಲಿ ಅವರಿಗೆ ಜ್ವರ ಬಂದು ಹತ್ತು ದಿನ ಮಲಗಿದರು. ಎದ್ದಾಗ ಕೆನ್ನೆಯ ಉಬ್ಬು ಮತ್ತೆ ಸಣ್ಣದಾಗಿತ್ತು. ಈ ಸಲ ನಾವು ಕಾಯಲಿಲ್ಲ. ಮೊದಲು ನುಂಗುವುದನ್ನು ಮತ್ತೆ ಪರೀಕ್ಷೆ ಮಾಡಿಸಿದೆವು. ಸರಿ ಇದೆ ಅಂತ ತಿಳಿದ ಮೇಲೆ, ಕಚ್ಚುವುದನ್ನು ಐದರ ಬದಲು ಮೂರು ಸಲಕ್ಕೆ ಇಳಿಸಿ ಶುರು ಮಾಡಿದೆವು. "ಮೆತ್ತಗಿನ ಊಟ" ಅನ್ನುವ ಚೀಟಿಯ ಪಕ್ಕ ಅಡುಗೆಯವರು ತಾವೇ ಒಂದು ತಾರೀಖು ಬರೆದರು, ಮುಂದಿನ ಸೋಮವಾರ ಮತ್ತೆ ನೋಡುವುದು ಅಂತ.